ಅಡ್ಡಕಂಬಿಯ ಕೂಗು

ಹುಬ್ಬಳ್ಳಿಯ ದೊಡ್ಡ ಬಟ್ಟೆ ಅಂಗಡಿಯೊಂದರ ಎತ್ತರದ ಛಾವಣಿಗೆ ಸಿಮೆಂಟು ಬಳಿದು ಗಿಲಾವು ಮಾಡಲು ಒಳಗೆ ಕಬ್ಬಿಣದ ಸಾರುವೆ ಕಟ್ಟಿದ್ದರು. ಒಂದು ಮಧ್ಯಾಹ್ನ ಅದರ ತುದಿಯಲ್ಲಿ ಮೇಸ್ತ್ರಿ ಫಕೀರಪ್ಪ ನಿಂತಿದ್ದ. ಆಗ ಸಾರುವೆಯ ಬುಡದ ಅಡ್ಡಕಂಬಿಗೆ ತನ್ನ ಮೈ ಸೀಳುತ್ತಿರುವುದು ತಿಳಿಯಿತು.

"ಇನ್ನು ಈ ಭಾರ ನನ್ನಿಂದಾಗದು," ಎಂದಿತು ಅದು ಪಕ್ಕದ ನಿಲುಗಂಬಕ್ಕೆ.

"ಬಾಯಿ ಬಿಟ್ಟರೆ ನಿನ್ನನ್ನು ಕಿತ್ತು ಗುಜರಿಗೆ ಎಸೆಯುತ್ತಾರೆ. ಸಂಜೆಯವರೆಗೆ ಹಲ್ಲು ಕಚ್ಚಿ ನಿಲ್ಲು," ಎಂದಿತು ನಿಲುಗಂಬ.

ಗುಜರಿಯೆಂದರೆ ಕುಲುಮೆಯ ಬೆಂಕಿ. ಅಡ್ಡಕಂಬಿ ಹೆದರಿ ಸುಮ್ಮನಾಯಿತು. ಆದರೆ ಫಕೀರಪ್ಪ ಮೇಲೆ ಇನ್ನೊಂದು ಹೆಜ್ಜೆ ಸರಿದಾಗ ಸೀಳು ಹಿಗ್ಗಿತು. ಅದು ಇದ್ದಬದ್ದ ಬಲವನ್ನೆಲ್ಲ ಕೂಡಿಸಿ ಕಿರ್ರೆಂದು ಚೀರಿತು.

"ಏನೋ ಸಪ್ಪಳಾತು, ನೋಡ ಯಲ್ಲವ್ವಾ!" ಎಂದು ಫಕೀರಪ್ಪ ಕೂಗಿದ.

ಕೆಳಗೆ ಸಿಮೆಂಟು ಕಲಸುತ್ತಿದ್ದ ಹೆಂಡತಿ ಬಾಗಿ ನೋಡಿದಳು. "ಬುಡದಾಗಿನ ಕಂಬಿ ಸೀಳೇತ್ರಿ! ಮೆಲ್ಲಕ ಇಳೀರಿ!"

ಅವನ ಪಾದ ನೆಲ ಮುಟ್ಟುವವರೆಗೆ ಅಡ್ಡಕಂಬಿ ಉಸಿರು ಬಿಗಿಹಿಡಿದಿತ್ತು. ಆಮೇಲೆ ಮುರಿಯಿತು.

ಅಲ್ಲೇ ಮೂಲೆಯ ಗುಜರಿಯ ಗುಡ್ಡೆಯಲ್ಲಿ ಬಿದ್ದ ಅದನ್ನು ಕಂಡು ನಿಲುಗಂಬ, "ಕೂಗಿ ಏನು ಪಡೆದೆ?" ಎಂದು ಕೇಳಿತು.

ಬಾಗಿಲ ಬಳಿ ಯಲ್ಲವ್ವ ಗಂಡನಿಗೆ ರೊಟ್ಟಿ ಬಡಿಸುತ್ತಿದ್ದಳು. ಅಡ್ಡಕಂಬಿ ಅವರನ್ನೇ ನೋಡುತ್ತಿತ್ತು.