ಚೆಲುವಿ ಬಿಟ್ಟ ಕೊಂಬು

ಬಾ ಪುಟ್ಟೀ, ಮಗ್ಗುಲಿಗೆ ಬಾ, ಹೊದಿಕೆ ಎಳ್ಕೋ. ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಹುಟ್ಟದೆ ಇದ್ದ ಕಾಲ ಅನ್ಕೋ, ಹೊಳೆ ದಂಡೇಲಿ ಒಂದು ಊರಿತ್ತಂತೆ. ಆ ಊರಲ್ಲಿ ಚೆಲುವಿ ಅಂತ ಒಬ್ಬಳು ಹುಡುಗಿ ಗುರುಗಳ ಹತ್ರ ಓಲೆಗರಿ ಮೇಲೆ ಬರೆಯೋದು ಕಲೀತಿದ್ಳಂತೆ. ಬುದ್ಧಿ ಚುರುಕು, ಆದ್ರೆ ಬರೆಯೋಕೆ ಕೂತ್ರೆ ಕೈ ಕುದುರೆ ಥರ ಓಡೋದು. ಯಾಕೆ ಅಂದ್ರೆ, ಜೊತೆಯ ಮಕ್ಕಳು ಆಗಲೇ ಉಯ್ಯಾಲೆ ಹತ್ತಿ ಚೆಲುವೀ ಬಾರೇ ಅಂತ ಕೂಗೋರು, ನನ್ನ ಬಿಟ್ಟು ಆಟ ಮುಗಿದೇ ಹೋದ್ರೆ ಅಂತ ಇವಳಿಗೆ ಎದೆ ಡವಡವ. ಪಾಪ, ಸೋಮಾರಿ ಏನಲ್ಲ.

ಅಂಗಡಿ, ಮದ್ದು ಕೊಡೋ ಪಂಡಿತರ ಮನೆ ಎಲ್ಲಾ ಹೊಳೆಯಾಚೆ. ಹೋಗಬೇಕಂದ್ರೆ ದಿನವಿಡೀ ಸುತ್ತು ದಾರಿ. ಅದಕ್ಕೇ ದಡದಿಂದ ದಡಕ್ಕೆ ಒಂದು ಹಗ್ಗ ಕಟ್ಟಿ, ಬೇಕಾದ್ದನ್ನ ಓಲೇಲಿ ಬರೆಸಿ, ಬುಟ್ಟೀಲಿಟ್ಟು ಎಳೆಸೋರಂತೆ. ಗುರುಗಳಿಗೆ ಕಣ್ಣು ಮಂಜಾಗಿತ್ತಲ್ಲ, ಬರೆಯೋ ಕೆಲಸ ಚೆಲುವಿಗೇ ಬಂತು.

ಮೊದಲು ಚೆಲುವಿಯ ಚಿಕ್ಕಮ್ಮನ ಮದುವೆ ಬಂತು. ಒಂದು ಬುಟ್ಟಿ ಹೂವು ಕಳಿಸಿ ಅಂತ ಬರಿಯೇ ಅಂದ್ರೆ, ಇವಳು ಸರಸರ ಗೀಚಿ ಆಟಕ್ಕೆ ಓಡಿದ್ಳಂತೆ. ಬುಟ್ಟಿ ಬಂತು, ಮುಚ್ಚಳ ತೆಗೆದ್ರೆ ಬುಸ್! ಮದುಮಗಳು ಹಸೆಮಣೆ ಮೇಲೇ ಹತ್ತಿ ನಿಂತ್ಳು. ಹೂವು ಹೋಗಿ ಹಾವು ಆಗಿತ್ತಂತೆ!

ಆಮೇಲೆ ಕುಂಬಾರ ಬೋರಯ್ಯ ಬಂದು, ಮಡಕೆ ಹೊರೋಕೆ ಕತ್ತೆ ಬೇಕು ಅಂತ ಬರಿ ತಾಯೀ ಅಂದನಂತೆ. ಇವಳು ಒತ್ತು ಮರೆತ್ಳು. ಮಾರನೇ ದಿನ ಒಬ್ಬ ಮುದುಕಪ್ಪ ಕಾಲೆಳಕೊಂಡು ಬಂದು, ಕತೆ ಬೇಕು ಅಂದ್ರಂತಲ್ಲ, ಯಾವ ಕತೆ ಹೇಳಲಿ ಅಂತ ಜಗಲಿ ಮೇಲೆ ಕೂತನಂತೆ! ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಬೋರಯ್ಯ ಮಾತ್ರ ನಗಲಿಲ್ಲ, ಮಡಕೆ ತಲೆ ಮೇಲೆ ಹೊತ್ತು ಸಂತೆಗೆ ನಡೆದ.

ಅದನ್ನ ನೋಡಿ ಚೆಲುವಿ ಅಳ್ತಾ ಗುರುಗಳ ಹತ್ರ ಹೋದ್ಳು, ಇನ್ನು ನಾನು ಬರೆಯೋದೇ ಇಲ್ಲ ಅಂದ್ಳು. ಗುರುಗಳು ಬೈಲಿಲ್ಲ. ಯಾಕಮ್ಮ ಅಷ್ಟು ಅವಸರ ಅಂತ ಕೇಳಿದ್ರು. ಆಟ ಮುಗಿದೋಗತ್ತೆ ಅಂದ್ಳು. ಗುರುಗಳು ಮಕ್ಕಳನ್ನ ಕರೆದು, ಇವಳು ಬರೋ ತನಕ ಇವಳ ಸರದಿ ಉಳಿಸ್ತೀರೇನ್ರೋ ಅಂದ್ರೆ, ಎಲ್ಲರೂ ಓ ಅಂದ್ರಂತೆ. ಆಮೇಲೆ ಚೆಲುವಿಗೆ, ನಂಗೆ ಕಣ್ಣು ಕಾಣಲ್ಲ ನೋಡು, ಬರೆದಾದ ಮೇಲೆ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿ ಹೇಳು ಅಂದ್ರಂತೆ. ದಿನಾ ಹಾಗೇ ಮಾಡ್ತಾ ಬಂದ್ಳು.

ಹೀಗಿರುವಾಗ ಚೆಲುವಿಯ ಪುಟ್ಟ ತಮ್ಮನಿಗೆ ಜ್ವರ ಏರಿತಂತೆ. ಇನ್ನೂ ತೊಟ್ಟಿಲ ಕೂಸು, ಮೈ ಕೆಂಡ. ಹೊಳೆ ಬೇರೆ ಉಕ್ಕಿ ಹರೀತಿದೆ. ಅವ್ವ ಅಳ್ತಾಳೆ, ಜನ ಬೇಗ ಬರಿ, ಬೇಗ ಬರಿ ಅಂತ ಕೂಗ್ತಾರೆ. ಚೆಲುವಿ ಓಲೆ ಎಳ್ಕೊಂಡು ಕೂತ್ಳು. ಅವಸರದಲ್ಲೇ ಬರೆದ್ಳು: ಮಗ, ಜ್ವರ, ಮದ್ದು ಕಳಿಸಿ. ಯಾರೋ ಓಲೆ ಕಿತ್ಕೊಳ್ಳೋಕೆ ಕೈ ಚಾಚಿದ್ರು.

ತಡೀರಿ, ಒಂದ್ಸಲ ಓದ್ತೀನಿ ಅಂದ್ಳಂತೆ ಚೆಲುವಿ.

ಬೆರಳಿಟ್ಟು ಓದಿದ್ಳು. ಮ, ಗ... ಅಯ್ಯೋ, ಮಗು ಅಲ್ವಾ? ಗ ಕೊಂಬು ಗು! ಬಿಟ್ಟಿದ್ದ ಕೊಂಬು ಕೊರೆದು, ಕೊನೇ ತನಕ ಓದಿ, ಆಮೇಲೆ ಕೊಟ್ಳು. ಬುಟ್ಟಿ ಆಚೆ ಹೋಯ್ತು, ಮದ್ದು ಹೊತ್ತು ಈಚೆ ಬಂತು. ಜೊತೆಗೆ ಪಂಡಿತರ ಓಲೆ: ಮಗು ಅಂತ ಬರೆದಿದ್ದು ಒಳ್ಳೇದಾಯ್ತು, ಅದಕ್ಕೇ ಜೇನಲ್ಲಿ ತೇದ ಎಳೇ ಮದ್ದು ಕಳಿಸಿದೀನಿ, ದೊಡ್ಡೋರ ಮದ್ದು ಹೋಗಿದ್ರೆ ಕೂಸು ತಡೀತಿರಲಿಲ್ಲ.

ಮದ್ದು ನೆಕ್ಕಿಸಿದ್ರು. ಹೊತ್ತು ಇಳಿಯೋದ್ರೊಳಗೆ ಕೂಸಿನ ಹಣೆ ಬೆವರಿತು, ಕಣ್ಣು ಬಿಟ್ಟು ಹಾಲಿಗೆ ಅತ್ತಿತು. ಅವ್ವ ಒಂದು ತೊಡೆ ಮೇಲೆ ಕೂಸು, ಇನ್ನೊಂದು ತೊಡೆ ಮೇಲೆ ಚೆಲುವಿ, ಇಬ್ಬರನ್ನೂ ತಬ್ಬಿ ಕೂತ್ಳಂತೆ. ಆಮೇಲೂ ಚೆಲುವಿ ತಪ್ಪು ಮಾಡ್ತಿದ್ಳು, ಮಾಡದೇ ಇರ್ತಾಳಾ? ಆದ್ರೆ ತಾನೇ ಹುಡುಕಿ ತಿದ್ದೋಳು. ಎಲ್ಲರೂ ಉಂಡು ತಣ್ಣಗೆ ಬಾಳಿದ್ರಂತೆ.

ಅಲ್ಲಿಗೆ ಕತೆ ಮುಗೀತು ಕಂದಾ, ನಿದ್ದೆ ಬಂತು ನೋಡು, ಮಲಕ್ಕೋ.