ಬೇಟೆಗಾರನ ಮೂರು ಕಚ್ಚು

“ಗುರುಗಳೇ, ನಾನು ಆಡದ ಸುಳ್ಳಿಗೂ ನಾನು ಹೊಣೆಯೇ?” ಎಂದು ಶಿಷ್ಯ ಕೇಳಿದ.

ಏನಾಯಿತೆಂದು ಗುರುಗಳು ವಿಚಾರಿಸಿದರು. ಶಿಷ್ಯ ಹಣೆ ಮುಟ್ಟಿದರೆ ಜ್ವರ ಇಳಿಯುತ್ತದೆ ಎಂದು ಗುಡ್ಡದ ಕೆಳಗಿನ ಊರುಗಳಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು. ಹಾಗೆಂದು ಅವನು ಯಾರಿಗೂ ಹೇಳಿರಲಿಲ್ಲ. ಅಲ್ಲವೆಂದೂ ಹೇಳಿರಲಿಲ್ಲ. ಅದರಿಂದ ಜನರಿಗೆ ಧೈರ್ಯ ಬರುವುದಾದರೆ ಬರಲಿ, ಯಾರಿಗೇನು ನಷ್ಟ ಎಂದು ಸುಮ್ಮನಿದ್ದ.

ಗುರುಗಳು ಅವನನ್ನು ಕೂರಿಸಿ ಹೇಳತೊಡಗಿದರು.

ಕಡಲಾಚೆಯ ಒಂದು ದೇಶ. ಜನ ಕರಾವಳಿಯ ಪಟ್ಟಣಗಳನ್ನು ಬಿಟ್ಟು, ಬೆಟ್ಟ ದಾಟಿ, ಪಶ್ಚಿಮದ ಕಾಡಿನಲ್ಲಿ ಹೊಸ ನೆಲ ಹುಡುಕಿಕೊಂಡು ಹೋಗುತ್ತಿದ್ದ ಕಾಲ. ಆ ಕಾಡು ತಲೆಮಾರುಗಳಿಂದ ಬೇರೆ ಜನರದಾಗಿತ್ತು. ಹೊಸಬರಿಗೆ ಅದರ ದಾರಿ ತಿಳಿಯದು. ಹೊಸಬರಲ್ಲಿ ಒಬ್ಬ ಬೇಟೆಗಾರನಿಗೆ ಮಾತ್ರ ತಿಳಿದಿತ್ತು. ಅವನು ನಡೆದಲ್ಲೆಲ್ಲ ಮರದ ತೊಗಟೆಯ ಮೇಲೆ ಕೊಡಲಿಯಿಂದ ಮೂರು ಕಚ್ಚು ಹಾಕುತ್ತಿದ್ದ. ಮೇಲೆ ಒಂದು, ಕೆಳಗೆ ಎರಡು. ಆ ಗುರುತು ಹಿಡಿದು ಹೋದವರಿಗೆ ಕುಡಿಯಲು ನೀರು ಸಿಗುತ್ತಿತ್ತು, ಕಾಲಿಡಲು ಗಟ್ಟಿ ನೆಲ ಸಿಗುತ್ತಿತ್ತು. ನೂರಾರು ಸಂಸಾರಗಳು ಹಾಗೆ ಬೆಟ್ಟ ದಾಟಿದವು.

ದಾಟಿದವರು ಅವನ ಕತೆ ಹೇಳಿದರು. ಅವನು ಕರಡಿಯನ್ನು ದಿಟ್ಟಿಸಿ ನಕ್ಕನಂತೆ. ಕರಡಿಯೇ ನಾಚಿ ದಾರಿ ಬಿಟ್ಟಿತಂತೆ. ತುಂಬಿದ ಹೊಳೆಯನ್ನು ಒಂದೇ ನೆಗೆತಕ್ಕೆ ದಾಟಿದನಂತೆ. ಹೆದರಿಕೆ ಎಂಬುದೇ ಅವನಿಗೆ ಗೊತ್ತಿಲ್ಲವಂತೆ. ನಿಜವಾಗಿ, ಕರಡಿಯ ವಾಸನೆ ಬಂದರೆ ಅವನು ಎರಡು ಮೈಲಿ ಸುತ್ತಿಕೊಂಡು ಹೋಗುತ್ತಿದ್ದ. ತುಂಬಿದ ಹೊಳೆ ಕಂಡರೆ ನೀರು ಇಳಿಯುವವರೆಗೆ ದಡದಲ್ಲೇ ಕಾಯುತ್ತಿದ್ದ. ಹೆದರಿಕೆ ಇದ್ದುದರಿಂದಲೇ ಅವನ ದಾರಿ ಸುರಕ್ಷಿತವಾಗಿತ್ತು. ಆದರೆ ಯಾರಾದರೂ ಕತೆಯ ಮಾತೆತ್ತಿದರೆ ಮುಗುಳ್ನಕ್ಕು ಸುಮ್ಮನಾಗುತ್ತಿದ್ದ.

ಒಮ್ಮೆ ಅವನು ಅದುವರೆಗೂ ಕಾಲಿಡದ ಒಂದು ಕಣಿವೆಗೆ ಬಂದ. ಅಲ್ಲಿ ಒಬ್ಬ ರೈತ ಒಂಟಿ ಮನೆ ಕಟ್ಟಿಕೊಂಡಿದ್ದ. ಮನೆಯ ಪಕ್ಕದ ಮರದ ಮೇಲೆ ಮೂರು ಕಚ್ಚು ಇದ್ದವು. ರೈತನೇ ಹಾಕಿದ್ದು. ಆ ಗುರುತು ಕಂಡರೆ ನಾಲ್ಕು ಸಂಸಾರ ಬಂದು ನೆರೆಯಲ್ಲಿ ನಿಲ್ಲುತ್ತವೆ, ತಾನು ಒಂಟಿಯಾಗಿರುವುದು ತಪ್ಪುತ್ತದೆ ಎಂಬುದು ಅವನ ಆಸೆ.

“ನಾನು ಈ ಕಡೆಗೆ ಬಂದೇ ಇರಲಿಲ್ಲವಲ್ಲ,” ಎಂದ ಬೇಟೆಗಾರ.

“ಈಗ ಬಂದಿರಲ್ಲ, ಯಜಮಾನರೇ. ಇನ್ನು ಅದು ಸುಳ್ಳು ಹೇಗಾದೀತು?”

ಇಬ್ಬರೂ ನಕ್ಕರು. ಬೇಟೆಗಾರ ಅವನ ಮನೆಯಲ್ಲಿ ಊಟ ಮಾಡಿ ಹೊರಟುಹೋದ. ಅವನಿಗೆ ಒಳಗೊಳಗೆ ಹಿತವಾಗಿತ್ತು.

ಆಮೇಲೆ ಗುರುತು ಹಬ್ಬಿತು. ಕೆಲವರು ಮನೆಗೆ ಒಳ್ಳೆಯದಾಗಲೆಂದು ಹಾಕಿದರು. ಕೆಲವರು ಅವನು ತಮ್ಮ ಜೊತೆ ನಡೆದಿದ್ದನೆಂದು ಹೇಳಿಕೊಳ್ಳಲು ಹಾಕಿದರು. ಕೆಲವರು ಕೊಡಲಿಯ ಹರಿತ ನೋಡಲು ಹಾಕಿದರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ.

ಬೇಟೆಗಾರನಿಗೆ ಒಬ್ಬಳೇ ಮಗಳು. ತಾಯಿ ತೀರಿಕೊಂಡ ಮೇಲೆ ಅವಳು ಕರಾವಳಿಯ ಪಟ್ಟಣದಲ್ಲಿ ಸೋದರತ್ತೆಯ ಹತ್ತಿರ ಬೆಳೆದಳು. ತಂದೆಯನ್ನು ಅವಳು ಕೊನೆಯದಾಗಿ ಕಂಡದ್ದು ನಾಲ್ಕು ವರ್ಷದವಳಿದ್ದಾಗ. ಅವನ ಮುಖ ಅವಳಿಗೆ ನೆನಪಿರಲಿಲ್ಲ. ಅವನ ಕತೆಗಳೆಲ್ಲ ಬಾಯಿಪಾಠವಾಗಿದ್ದವು. ಮದುವೆಯಾದ ಮೇಲೆ ಅವಳು ಗಂಡನೊಡನೆ ತಂದೆಯ ಬಳಿಗೆ ಹೊರಟಳು. ಅವಳ ಕಾಗದ ಮೊದಲೇ ಬಂದು ತಲುಪಿತ್ತು. ಬೇಟೆಗಾರ ಹೊಸ ಹಾಸಿಗೆ ಹೊಲಿಸಿಟ್ಟ. ಹೇಳಿದ ದಿನ ಕಳೆಯಿತು. ಮೊದಲ ಹಿಮ ಬಿತ್ತು. ಅವರು ಬರಲಿಲ್ಲ.

ಅವನು ಹುಡುಕಿಕೊಂಡು ಹೋದ. ಎರಡನೆಯ ದಿನ ಬೆಳಿಗ್ಗೆ, ಕರಾವಳಿಯಿಂದ ಬರುವವರಿಗೆ ದಾರಿ ಎರಡಾಗಿ ಒಡೆಯುವಲ್ಲಿಗೆ ಬಂದ. ಬಲಗಡೆಯ ಮರದಲ್ಲಿ ಅವನದೇ ಗುರುತು ಇತ್ತು. ಎಡಗಡೆಯ ಮರದಲ್ಲಿಯೂ ಅದೇ ಗುರುತು ಇತ್ತು. ಇಬ್ಬರು ಮನುಷ್ಯರ ಮತ್ತು ಒಂದು ಕುದುರೆಯ ಹೆಜ್ಜೆಗಳು ಎಡಕ್ಕೆ ಹೋಗಿದ್ದವು. ಎಡಕ್ಕೆ ಇದ್ದದ್ದು ಜೌಗು. ಹಿಮ ಬಿದ್ದಾಗ ಅದು ಬಯಲಿನ ಹಾಗೆ ಕಾಣುತ್ತಿತ್ತು.

ಅವನು ಓಡಿದ. ಮರಮರದಲ್ಲಿಯೂ ಮೂರು ಕಚ್ಚು. ಒಂದೊಂದು ಗುರುತು ಅವನು ಹಾಕಿದ್ದಕ್ಕಿಂತ ಅಚ್ಚುಕಟ್ಟಾಗಿತ್ತು. ಮಂಜು ಕವಿದು ಹತ್ತು ಮಾರು ದೂರದ್ದೂ ಕಾಣದಾಯಿತು. ಆಗ ಮುಂದೆ ಎಲ್ಲೋ ಕುದುರೆಯ ಕೊರಳ ಗಂಟೆ ಕೇಳಿಸಿತು. ಅವನು ಅವಳ ಹೆಸರು ಹಿಡಿದು ಕೂಗಿದ. ಗಂಟೆ ನಿಂತಿತು.

“ಯಾರದು?” ಎಂದಳು ಮಗಳು.

“ನಿನ್ನ ಅಪ್ಪ. ಅಲ್ಲೇ ನಿಲ್ಲು, ಮಗಳೇ. ಆ ಗುರುತು ನನ್ನದಲ್ಲ.”

ಕಾಡಿನಲ್ಲಿ ಪ್ರಯಾಣಿಕರ ಹೆಸರು ಹೇಗೋ ತಿಳಿದುಕೊಂಡು, ಕೂಗಿ ಕರೆದು ದೋಚುವವರಿದ್ದಾರೆಂದು ಗಂಡ ಅವಳಿಗೆ ಹೇಳುವುದು ಕೇಳಿಸಿತು. ಆಮೇಲೆ ಅವಳು ಗಟ್ಟಿಯಾಗಿ ಹೇಳಿದಳು:

“ನಮ್ಮಪ್ಪನಿಗೆ ಹೆದರಿಕೆ ಅಂದರೆ ಏನೆಂದು ಗೊತ್ತಿಲ್ಲ. ನಿಮ್ಮ ದನಿ ನಡುಗುತ್ತಿದೆ.”

ಗಂಟೆ ಮತ್ತೆ ಮುಂದಕ್ಕೆ ಸಾಗಿತು. ಅವನು ದನಿ ನಡುಗದ ಹಾಗೆ ಕೂಗಲು ನೋಡಿದ. ಆಗಲಿಲ್ಲ. ಕೋಲಿನಿಂದ ನೆಲ ತಡವುತ್ತ, ಸೊಂಟದವರೆಗೆ ಹೂತು, ಮೇಲೆದ್ದು, ಕೂಗುತ್ತಲೇ ಹೋದ. ಕೂಗು ಹೆಚ್ಚಿದಷ್ಟೂ ಗಂಟೆಯ ವೇಗ ಹೆಚ್ಚಿತು. ಹಿಮದ ಪದರ ಒಡೆದ ಸದ್ದು ಒಂದು ಕೇಳಿಸಿತು. ಕುದುರೆ ಒಮ್ಮೆ ಕಿರುಚಿತು. ಆಮೇಲೆ ಏನೂ ಕೇಳಿಸಲಿಲ್ಲ.

ಹಿಮ ಕರಗಿದ ಮೇಲೆ ಇಬ್ಬರೂ ಸಿಕ್ಕಿದರು. ಅವಳ ಕೈ ಗಂಡನ ಕೈಯಲ್ಲಿತ್ತು.

ಬೇಟೆಗಾರ ಉಳಿದ ಆಯುಷ್ಯವನ್ನೆಲ್ಲ ಮರದಿಂದ ಮರಕ್ಕೆ ಅಲೆದು ಕಳೆದ. ಸುಳ್ಳು ಗುರುತು ಕಂಡಲ್ಲೆಲ್ಲ ಅದರ ಮೇಲೆ ಅಡ್ಡಲಾಗಿ ಒಂದು ಕಚ್ಚು ಹಾಕಿ ಕೆಡಿಸುತ್ತಿದ್ದ. ಅದನ್ನು ಕಂಡ ಜನ, ಗುರುತಿಗೆ ಈಗ ನಾಲ್ಕು ಕಚ್ಚು ಎಂದು ತಿಳಿದು, ತಮ್ಮ ಮರಗಳಲ್ಲಿಯೂ ನಾಲ್ಕು ಹಾಕತೊಡಗಿದರು. ಅವನು ಸತ್ತ ಮೇಲೆಯೂ ಅವರು ಹಾಕುವುದನ್ನು ನಿಲ್ಲಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, ಆ ರೈತನಂಥವರು ಮಾಡಿದ್ದಕ್ಕೆ ಬೇಟೆಗಾರನ ತಪ್ಪೇನು, ತನಗೂ ಅವನಿಗೂ ಹೋಲಿಕೆಯಾದರೂ ಏನು, ತನ್ನನ್ನು ನಂಬಿ ಯಾರೂ ಜೌಗಿಗೆ ಇಳಿದಿಲ್ಲವಲ್ಲ ಎಂದು ಮೆಲ್ಲನೆ ಕೇಳಿದ.

ಗುರುಗಳು ಕಿಟಕಿಯಿಂದ ಕೆಳಗಿನ ದಾರಿಯ ಕಡೆ ನೋಡಿದರು.

“ಅಗೋ, ಯಾರೋ ತಾಯಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು, ವೈದ್ಯರ ಮನೆಯನ್ನು ದಾಟಿ, ಗುಡ್ಡ ಹತ್ತುತ್ತಿದ್ದಾಳೆ.”