ಮಂಜಜ್ಜಿ ಸವರಿದ ಬೆಕ್ಕು

ಸಮುದ್ರಕ್ಕೆ ಹಾಕಿದ ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ. ತನ್ನ ದಿಕ್ಕು ಯಾವುದು ಅಂತ ಗಾಳಿಗೆ ಗೊತ್ತಿರಲಿಲ್ಲ. ಲೋಕ ಅಷ್ಟು ಹೊಸದಾಗಿದ್ದ ಕಾಲದ ಮಾತು ಇದು.

ಬಲು ದೂರದ ಉತ್ತರದಲ್ಲಿ, ಹಿಮದ ಸಮುದ್ರದ ದಡದಲ್ಲಿ, ಉಲ್ಯಾನಾ ಎಂಬ ಹುಡುಗಿ ಇದ್ದಳು. ಅವಳ ಅಪ್ಪ ಪ್ರೊಖೋರ್ ಮೀನು ಹಿಡಿಯುವವನು. ಅವರಿಬ್ಬರನ್ನು ಬಿಟ್ಟರೆ ಮನೆಯಲ್ಲಿ ಇದ್ದದ್ದು ಒಂದು ಬೆಕ್ಕು. ಆಗ ಅದರ ಮೈಬಣ್ಣ ಒಣಹುಲ್ಲಿನದು. ಕೂದಲು ಗಿಡ್ಡ, ತೆಳ್ಳಗೆ. ಕಣ್ಣು ಹಳದಿ. ಚಳಿ ತಡೆಯಲಾರದೆ ಸದಾ ಉಲ್ಯಾನಾಳ ಶಾಲಿನೊಳಗೆ ಮುದುರಿಕೊಂಡಿರುತ್ತಿತ್ತು.

ಒಂದು ಬೆಳಿಗ್ಗೆ ಅಪ್ಪ ದೋಣಿ ತೆಗೆದುಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಮಂಜಿನದೇ ಮೈಯ ಮಂಜಜ್ಜಿ ಬಂದಳು. ಸಮುದ್ರದ ಮೇಲೆ ಕಾಲು ಚಾಚಿ ಕೂತಳು. ಕೂತವಳು ಏಳಲೇ ಇಲ್ಲ. ಒಂದು ದಿನ ಆಯಿತು, ಎರಡು ದಿನ ಆಯಿತು. ದೋಣಿ ಬರಲಿಲ್ಲ.

ಮೂರನೆಯ ದಿನ ಉಲ್ಯಾನಾ ಬೆಕ್ಕನ್ನು ಹೆಗಲಿಗೇರಿಸಿಕೊಂಡು ದಡಕ್ಕೆ ಓಡಿದಳು.

"ಗಾಳಿಯಣ್ಣಾ, ಆ ಅಜ್ಜಿಯನ್ನ ಸ್ವಲ್ಪ ಎಬ್ಬಿಸು."

"ನೂಕಿ ನೋಡಿದೆ ತಾಯಿ," ಅಂತು ಗಾಳಿ. "ನನ್ನ ಕೈ ಅವಳೊಳಗೆ ತೂರಿಹೋಗುತ್ತೆ. ಅವಳು ಮಾತ್ರ ಅಲ್ಲಾಡಲ್ಲ."

"ಕಡಲಮ್ಮಾ, ನಮ್ಮಪ್ಪ ಎಲ್ಲಿ?"

"ನನ್ನ ಮೇಲೇ ಇದ್ದಾನೆ ಮಗಳೇ," ಅಂತು ಕಡಲು. "ದಡ ಕಾಣದೆ ಸುತ್ತಿದಲ್ಲೇ ಸುತ್ತುತ್ತಿದ್ದಾನೆ. ಕುಡಿಯೋ ನೀರು ನಿನ್ನೆಯೇ ಮುಗೀತು."

ಉಲ್ಯಾನಾ ಮೊಣಕಾಲುದ್ದದ ನೀರಿಗೆ ಇಳಿದಳು. ಎದುರಿಗೆ ಆಕಾಶದಷ್ಟು ಎತ್ತರಕ್ಕೆ ಮಂಜು. ಆದರೂ ಕೇಳಿದಳು.

"ಅಜ್ಜಿ, ಏಳ್ತೀಯಾ? ನಮ್ಮಪ್ಪ ಮನೆಗೆ ಬರಬೇಕು."

ಮಂಜಜ್ಜಿಯ ದನಿ ಎಲ್ಲ ಕಡೆಯಿಂದಲೂ ಬಂತು. "ಎದ್ದು ಎಲ್ಲಿಗೆ ಹೋಗಲಿ ಮಗಾ? ಹೋದಲ್ಲೆಲ್ಲ ಜನ ಬಾಗಿಲು ಹಾಕ್ಕೋತಾರೆ. ಮೈಯೆಲ್ಲ ಕೊರೆಯುತ್ತೆ. ಬೆಚ್ಚಗಿರೋದು ಅಂದರೆ ಏನು? ಒಂದೇ ಒಂದು ಸಲ ತೋರಿಸು, ಸಾಕು."

ಉಲ್ಯಾನಾ ಶಾಲು ಕೊಟ್ಟಳು. ಅದು ಒದ್ದೆಯಾಗಿ ಜೋತುಬಿತ್ತು. ತಾನೇ ಹೋಗಿ ಅಜ್ಜಿಯನ್ನು ತಬ್ಬಿದಳು. ಹಲ್ಲು ಕಟಕಟ ಅಂದವು, ಬೆರಳು ಮರಗಟ್ಟಿದವು. ಅಜ್ಜಿಗೆ ಮಾತ್ರ ಏನೂ ತಿಳಿಯಲಿಲ್ಲ.

ಆಗ ಉಲ್ಯಾನಾಳ ಹೆಗಲ ಮೇಲಿದ್ದ ಬೆಕ್ಕು ಒಮ್ಮೆ ಅವಳ ಮುಖ ನೋಡಿತು. ಒಂದೇ ನೆಗೆತಕ್ಕೆ ಮಂಜಿನೊಳಗೆ ಹಾರಿತು.

"ಬೇಡ! ಸತ್ತುಹೋಗ್ತೀಯಾ!" ಅಂತ ಉಲ್ಯಾನಾ ಕಿರುಚಿದಳು.

ಏನೂ ಕಾಣಲಿಲ್ಲ. ಏನೂ ಕೇಳಲಿಲ್ಲ. ಬಹಳ ಹೊತ್ತು ಏನೂ ಇಲ್ಲ.

ಆಮೇಲೆ ಒಂದು ಸದ್ದು. ಗುರ್‌ರ್... ಗುರ್‌ರ್...

"ಇದೇನು ಸದ್ದು?" ಮಂಜಜ್ಜಿಯ ದನಿ ನಡುಗಿತು.

"ಬೆಕ್ಕಿಗೆ ಹಿತವಾಗಿದೆ ಅಜ್ಜಿ. ಅದಕ್ಕೇ ಹಾಗೆ ಗುರುಗುಡುತ್ತೆ."

"ಹಿತವಾಗಿದೆಯಾ? ನನ್ನ ಮಡಿಲಲ್ಲಾ?"

ಮಂಜಜ್ಜಿ ಕೈ ಚಾಚಿ ಬೆಕ್ಕನ್ನು ಮೆಲ್ಲಗೆ ಸವರಿದಳು. ತಲೆಯಿಂದ ಬಾಲದವರೆಗೆ ಒಂದು ಸಲ. ಮತ್ತೆ ತಲೆಯಿಂದ ಬಾಲದವರೆಗೆ ಇನ್ನೊಂದು ಸಲ. ಚಳಿಯಾದೀತೆಂದು ತನ್ನ ಅಂಚಿನಿಂದ ಒಂದು ಪದರ ಹರಿದು ಅದರ ಕೂದಲಿನ ಕೆಳಗೆ ಹೊದಿಸಿದಳು.

"ಈಗಲಾದರೂ ಏಳಜ್ಜಿ."

"ಶ್... ಮಡಿಲಲ್ಲಿ ಮಲಗಿದೆ. ಹೇಗೆ ಏಳಲಿ ಮಗಾ?"

ಉಲ್ಯಾನಾ ಮತ್ತೆ ಬೇಡಿಕೊಳ್ಳಲು ಬಾಯಿ ತೆರೆದಳು. ಆದರೆ ಮಂಜಜ್ಜಿ ಪಿಸುಗುಟ್ಟಿದಳು, "ಗಾಳೀ, ಸುಮ್ಮನಿರು. ಅಲೆಗಳೇ, ನೀವೂ ಸುಮ್ಮನಿರಿ. ಎಚ್ಚರ ಆದೀತು."

ಗಾಳಿ ಉಸಿರು ಹಿಡಿಯಿತು. ಅಲೆಗಳು ಎದ್ದಲ್ಲೇ ಅಡಗಿದವು. ಸಮುದ್ರಕ್ಕೆ ಸಮುದ್ರವೇ ಕಿವಿಗೊಟ್ಟು ನಿಂತಿತು. ಆ ಮೌನದಲ್ಲಿ ಪುಟ್ಟ ಬೆಕ್ಕಿನ ಗುರುಗುಟ್ಟುವಿಕೆ ನೀರಿನ ಮೇಲೆ ದೂರ ದೂರಕ್ಕೆ ಹರಿಯಿತು.

ಬೆಕ್ಕಿನ ಮೈ ಮಲಗಿತ್ತು, ಕಣ್ಣು ಮಲಗಿರಲಿಲ್ಲ. ಅದು ಹಸಿರು ನೀರನ್ನೇ ದಿಟ್ಟಿಸುತ್ತಾ ದೋಣಿ ಹುಡುಕುತ್ತಿತ್ತು.

ನಡುಗಡಲಿನಲ್ಲಿ ಪ್ರೊಖೋರ್ ಹುಟ್ಟು ಹಾಕುವುದನ್ನು ನಿಲ್ಲಿಸಿ ಕಿವಿಯಾನಿಸಿದ. "ಇದು ನಮ್ಮ ಒಲೆ ಪಕ್ಕದ ಸದ್ದಲ್ಲವಾ!" ಅಂದ. ಸದ್ದು ಬಂದ ಕಡೆಗೇ ದೋಣಿ ತಿರುಗಿಸಿದ.

ಸಂಜೆ ಮಂಜಿನೊಳಗಿಂದ ದೋಣಿಯ ಮೂತಿ ಹೊರಬಂತು. ಅದರ ತುದಿಯಲ್ಲಿ ಯಾವುದೋ ಪ್ರಾಣಿ ಕೂತಿತ್ತು. ಉಲ್ಯಾನಾ ಅಪ್ಪನನ್ನು ಅಪ್ಪಿಕೊಂಡು ಅಳುತ್ತಲೇ ಅದನ್ನು ನೋಡಿದಳು. ನೋಡಿ ಅಳುವುದನ್ನೇ ಮರೆತಳು.

ಒಣಹುಲ್ಲಿನ ಬಣ್ಣ ಹೋಗಿತ್ತು. ಮೈಯೆಲ್ಲ ಮಂಜಿನ ನೀಲಿಬೂದು. ಒಂದೊಂದು ಕೂದಲಿನ ತುದಿಯಲ್ಲೂ ಒಂದೊಂದು ಹನಿ ಬೆಳ್ಳಿಯಾಗಿ ನಿಂತಿತ್ತು. ಹಳದಿ ಕಣ್ಣು ಕಡಲಿನಷ್ಟು ಹಸಿರಾಗಿತ್ತು. ಅವಳು ಹೆದರುತ್ತಲೇ ಮುಟ್ಟಿದಳು. ಗಿಡ್ಡ ಕೂದಲಿನ ಕೆಳಗೆ ಇನ್ನೊಂದು ಮೆತ್ತನೆಯ ಪದರ. ಬೆರಳು ಎಳೆದ ಕಡೆ ಗೆರೆ ಹಾಗೇ ಉಳಿಯಿತು.

"ಇದು ನಮ್ಮ ಬೆಕ್ಕೇನಾ ಮಗಳೇ?" ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಮ್ಮದೇ ಅಪ್ಪಾ," ಅಂದಳು ಉಲ್ಯಾನಾ. "ಅಜ್ಜಿಯದೂ ಹೌದು."

ಬೆಕ್ಕು ದೋಣಿಗೆ ನೆಗೆದು ಮಡಿಲು ಬರಿದಾದ ಮಂಜಜ್ಜಿ ನಿಧಾನವಾಗಿ ಎದ್ದಳು. ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಾ ಬೆಟ್ಟದ ಕಡೆಗೆ ಹೋದಳು.

ಮುಂದೆ ಆ ಬೆಕ್ಕಿನ ಮರಿಗಳ ಮರಿಗಳನ್ನು ನಾವಿಕರು ಹಡಗಿನಲ್ಲಿ ದೇಶದೇಶಕ್ಕೆ ಒಯ್ದರು. ಜನ ಅದನ್ನು ರಷ್ಯನ್ ಬ್ಲೂ ಎಂದು ಕರೆದರು. ಅದಕ್ಕೆ ಹೆಚ್ಚು ಆರೈಕೆ ಬೇಡ. ವಾರಕ್ಕೊಮ್ಮೆ ಬಾಚಿದರೆ ಸಾಕು. ಗದ್ದಲ ಮಾತ್ರ ಅದಕ್ಕಾಗದು. ಹೊಸಬರು ಬಂದರೆ ಮಂಜಿನ ಹಾಗೆ ಸದ್ದಿಲ್ಲದೆ ಮಾಯವಾಗುತ್ತದೆ.

ಇವತ್ತಿಗೂ ಅದರ ಮರಿಯ ಕಣ್ಣು ಎಳೆತನದಲ್ಲಿ ಹಳದಿಯಾಗಿಯೇ ಇರುತ್ತದೆ, ಮಗು; ಕಾಣದ ದೋಣಿಯೊಂದನ್ನು ಹುಡುಕುತ್ತಾ ಹುಡುಕುತ್ತಾ, ತಿಂಗಳುಗಳು ಕಳೆದ ಮೇಲೆ, ನಿಧಾನವಾಗಿ ಹಸಿರಾಗುತ್ತದೆ.